ಮಾತು ನಿಂತ ಫೋನುಗಳಿಗೆ ಹೊಸ ಫರ್ಮ್‌ವೇರ್

ಗೋರೆಗಾಂವ್‌ನ ಒಂದು ಆಫೀಸು ತನ್ನ ಸಿಬ್ಬಂದಿಗೆ ಹೊಸ ಫೋನು ಕೊಟ್ಟು, ಹಳೆಯವನ್ನೆಲ್ಲ ಒಂದು ಚೀಲಕ್ಕೆ ತುಂಬಿ ದಾನ ಮಾಡಿತ್ತು. ಆ ಚೀಲವನ್ನು ಮಲಾಡ್ ಸ್ಟೇಷನ್ ಹತ್ತಿರದ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಹೊತ್ತು ತಂದವರು ವಡಾಲದ ಒಂದು ಸಣ್ಣ ತರಬೇತಿ ಕೇಂದ್ರದ ಶಿಕ್ಷಕರು. ಕಣ್ಣು ಕಾಣದವರಿಗೆ ಕಂಪ್ಯೂಟರ್ ಕೆಲಸ, ಕಾಲ್ ಸೆಂಟರ್ ಕೆಲಸ ಕಲಿಸುವ ಕೇಂದ್ರ ಅದು. ಶಿಕ್ಷಕರಿಗೂ ಕಣ್ಣು ಕಾಣದು. ಐವತ್ತು ದಾಟಿದವರು. ಬಿಳಿ ಕೋಲಿನಿಂದ ಅಂಗಡಿಯ ಮೆಟ್ಟಿಲನ್ನು ತಡವಿ ಒಳಗೆ ಬಂದಾಗ ನಾನು ಮನೆಯವರೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮಾತು ಮುಗಿಯುವವರೆಗೆ ಕಾದು, "ನೀವು ವಿಜಾಪುರ ಕಡೆಯವರಾ? ನಾನು ಉಡುಪಿಯವ. ಹಾಗಾದ್ರೆ ಕನ್ನಡದಲ್ಲೇ ಹೇಳ್ತೇನೆ," ಎಂದರು.

ಚೀಲದಿಂದ ಒಂದು ಫೋನು ತೆಗೆದು ಮೇಜಿನ ಮೇಲಿಟ್ಟರು.

"ಇದ್ರಲ್ಲಿ ಬ್ಯಾಟರಿ ಉಂಟು, ಸ್ಪೀಕರ್ ಉಂಟು, ಎಲ್ಲ ಸರಿ ಉಂಟು. ಆದ್ರೆ ನಮ್ಮ ಸ್ಕ್ರೀನ್ ರೀಡರಿನ ಹೊಸ ವರ್ಶನ್ ಇದ್ರಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. ದಾರಿ ಹೇಳುವ ಆ್ಯಪ್ ಕೂಡ ಆಗುವುದಿಲ್ಲ. ಕಂಪನಿಯವರು ಅಪ್‌ಡೇಟ್ ಕೊಡುವುದು ನಿಲ್ಲಿಸಿದ್ದಾರಂತೆ. ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?"

ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ. ಅದಿಲ್ಲದಿದ್ದರೆ ಇವರ ಪಾಲಿಗೆ ಫೋನು ಬರೀ ಗಾಜಿನ ಹಲಗೆ.

"ಆಗ್ತದ್ರೀ ಸರ," ಎಂದೆ. "ಕಂಪನಿ ಕೈ ಬಿಟ್ಟ ಫೋನಿಗೆ ಬ್ಯಾರೆ ಫರ್ಮ್‌ವೇರ್, ಅಂದ್ರ ಫೋನ್ ನಡಸೂ ಮೂಲ ಸಾಫ್ಟ್‌ವೇರ್, ಹಾಕಬಹುದು. ಹೊರಗಿನ ಮಂದಿ ತಾವಾಗೇ ತಯಾರು ಮಾಡಿ ಇಂಟರ್‌ನೆಟ್‌ನ್ಯಾಗ ಇಟ್ಟಿರ್ತಾರ. ಆದ್ರ ಅಪಾಯ ಅದ."

"ಎಂತ ಅಪಾಯ? ಒಂದೊಂದಾಗಿ ಹೇಳಿ."

ಹೇಳಿದೆ. ಫೋನು ಶುರುವಾಗುವಾಗ ಮೊದಲು ಏಳುವುದು ಬೂಟ್‌ಲೋಡರ್. ಅದು ಬಾಗಿಲು ಕಾಯುವವನಿದ್ದಂತೆ, ಕಂಪನಿಯ ಮುದ್ರೆ ಇಲ್ಲದ ಯಾವುದನ್ನೂ ಒಳಗೆ ಬಿಡುವುದಿಲ್ಲ. ಅದರ ಬೀಗ ತೆಗೆಯಬೇಕು. ತೆಗೆದ ಕೂಡಲೇ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಹೊರಗಿನ ಫರ್ಮ್‌ವೇರ್ ಇರುವವರೆಗೆ ಆ ಬೀಗ ಮತ್ತೆ ಹಾಕಲು ಬರುವುದಿಲ್ಲ. ಕಳ್ಳನ ಕೈಗೆ ಸಿಕ್ಕರೆ ಅವನೂ ತನಗೆ ಬೇಕಾದ್ದನ್ನು ಹಾಕಿಕೊಳ್ಳಬಹುದು. ಬ್ಯಾಂಕಿನ ಆ್ಯಪ್‌ಗಳು ಇಂಥ ಫೋನನ್ನು ನಂಬುವುದಿಲ್ಲ, ತೆರೆಯಲು ಒಪ್ಪುವುದಿಲ್ಲ. ಮಧ್ಯೆ ಏನಾದರೂ ತಪ್ಪಿದರೆ ಸೆಟ್ ಡೆಡ್.

ಅವರು ಸ್ವಲ್ಪ ಹೊತ್ತು ಫೋನಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತರು.

"ಈಗಲೂ ಇವು ನಮ್ಮ ಲೆಕ್ಕದಲ್ಲಿ ಸತ್ತ ಹಾಗೆಯೇ ಅಲ್ವಾ? ಮಾಡುವಾ. ಆದ್ರೆ ಒಂದೇ ಮಾತು, ಎಂತ ಮಾಡ್ತೀರಿ ಅಂತ ನಂಗೆ ಹೇಳ್ತಾ ಮಾಡ್ಬೇಕು."

ಒಪ್ಪಿಕೊಂಡೆ. ಮೊದಲು ಒಂದೇ ಫೋನಿನಲ್ಲಿ ಪ್ರಯೋಗ ಮಾಡುವುದೆಂದು ನಿರ್ಧಾರವಾಯಿತು.

ಬೀಗ ತೆಗೆಯಲು ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಅವರು ಹೇಳಿದಷ್ಟು ದಿನ ಕಾಯಬೇಕಾಯಿತು. ಅವಧಿ ಮುಗಿದ ಮೇಲೆ ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ ಒಂದು ಸಾಲಿನ ಆಜ್ಞೆ ಕೊಟ್ಟೆ. ಬೀಗ ತೆರೆಯಿತು. ಆಮೇಲೆ ರಿಕವರಿ ಎಂಬ ಸಣ್ಣ ವ್ಯವಸ್ಥೆಯನ್ನು ಬದಲಿಸಿದೆ. ಫೋನಿನ ಮುಖ್ಯ ವ್ಯವಸ್ಥೆ ಮಲಗಿರುವಾಗ ಹೊಸದನ್ನು ಒಳಗೆ ಬಿಟ್ಟುಕೊಳ್ಳುವ ಹಿತ್ತಲ ಬಾಗಿಲು ಅದು. ಅದರ ಮೂಲಕ ಹೊಸ ಫರ್ಮ್‌ವೇರ್ ಹಾಕಿದೆ. ಫೋನು ಹಳೆಯದು, ಜಾಗ ಕಡಿಮೆ ಎಂದು ಜೊತೆಗೆ ಹಾಕುವ ಆ್ಯಪ್‌ಗಳ ಗಂಟುಗಳಲ್ಲಿ ಅತಿ ಚಿಕ್ಕದನ್ನೇ ಆರಿಸಿದೆ. ಮಧ್ಯಾಹ್ನದ ಊಟದೊಳಗೆ ಎಲ್ಲ ಮುಗಿದಿತ್ತು. ಪರದೆ ಬೆಣ್ಣೆಯಂತೆ ಜಾರುತ್ತಿತ್ತು. ಸಂಭ್ರಮದಿಂದಲೇ ವಡಾಲಕ್ಕೆ ಹೊರಟೆ.

ಕೇಂದ್ರವಿರುವುದು ಒಂದು ಹಳೆಯ ಕಾಲನಿಯ ನೆಲಮಹಡಿಯಲ್ಲಿ. ಉದ್ದನೆಯ ಕೋಣೆ, ಗೋಡೆಗುಂಟ ಕಂಪ್ಯೂಟರುಗಳು. ಹಾರ್ಬರ್ ಲೈನಿನ ರೈಲುಗಾಡಿ ಹೋದಾಗಲೆಲ್ಲ ಕಿಟಕಿಯ ಗಾಜು ಗುಂಯ್‌ಗುಡುತ್ತದೆ. ಶಿಕ್ಷಕರು ಫೋನು ತೆಗೆದುಕೊಂಡು ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ಹಿಡಿದರು. ಹಾಗೆ ಹಿಡಿದರೆ ಸ್ಕ್ರೀನ್ ರೀಡರ್ ಎದ್ದು ಮಾತಾಡಬೇಕು. ಮಾತಾಡಲಿಲ್ಲ. ಇನ್ನೊಮ್ಮೆ ಹಿಡಿದರು. ಇಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಒಬ್ಬ ತರಬೇತಿಯ ಹುಡುಗಿ ನನ್ನ ಕಡೆ ತಿರುಗಿ ನಕ್ಕಳು. "ದೀದಿ, ನಿಮ್ಮ ಫೋನ್ ಮೌನವ್ರತ ಹಿಡಿದಿದೆ ಕ್ಯಾ?"

ಅವಳದು ವಡಾಲದ ಚಾಳಿನಲ್ಲೇ ಬೆಳೆದ ಕನ್ನಡ, ಅರ್ಧಕ್ಕರ್ಧ ಹಿಂದಿ. ಹೋಟೆಲ್ ಕೆಲಸಕ್ಕೆಂದು ಮಂಗಳೂರಿನಿಂದ ಬಂದ ಅಜ್ಜನ ಕಾಲದಿಂದ ಅವರ ಮನೆ ಇಲ್ಲೇ. ಕಾಲೇಜು ಮುಗಿಯುವ ಹೊತ್ತಿಗೆ ಕಾಯಿಲೆಯೊಂದರಿಂದ ದೃಷ್ಟಿ ಕಳೆದುಕೊಂಡವಳು. ಗೋರೆಗಾಂವ್‌ನ ಒಂದು ಕಾಲ್ ಸೆಂಟರಿಗೆ ಅರ್ಜಿ ಹಾಕಿ ಸಂದರ್ಶನದ ಕರೆಗೆ ಕಾಯುತ್ತಿದ್ದಳು. ಕೆಲಸ ಸಿಗಬೇಕಾದರೆ ಮೊದಲು ಒಬ್ಬಳೇ ಅಲ್ಲಿಗೆ ಹೋಗಿ ಬರುವಂತಾಗಬೇಕಿತ್ತು. ದಾರಿ ಹೇಳುವ ಫೋನು ಎಲ್ಲರಿಗಿಂತ ಹೆಚ್ಚು ಅವಳಿಗೇ ಬೇಕಿತ್ತು.

ಎಡವಟ್ಟು ಏನೆಂದು ನನಗೆ ಆಗಲೇ ಹೊಳೆಯಿತು. ನಾನು ಹಾಕಿದ ಚಿಕ್ಕ ಗಂಟಿನಲ್ಲಿ ಸ್ಕ್ರೀನ್ ರೀಡರೂ ಇರಲಿಲ್ಲ, ಅಕ್ಷರವನ್ನು ಧ್ವನಿಯಾಗಿಸುವ ತಂತ್ರಾಂಶವೂ ಇರಲಿಲ್ಲ. ಕಣ್ಣಿದ್ದವಳು ನೋಡಿ ಹಗುರವಾಗಿದೆ ಎಂದುಕೊಂಡದ್ದರಿಂದ ಇವರಿಗೆ ಬೇಕಾದದ್ದೇ ಹೊರಗೆ ಉಳಿದಿತ್ತು. ಅಂಗಡಿಗೆ ಮರಳಿ ದೊಡ್ಡ ಗಂಟು ಹಾಕಿ, ಕನ್ನಡ, ಮರಾಠಿ, ಹಿಂದಿ ಧ್ವನಿಗಳನ್ನು ಮೊದಲೇ ಇಳಿಸಿದೆ. ಮರುದಿನ ಅದೇ ಕೋಣೆಯಲ್ಲಿ ಫೋನು ಮಾತಾಡಿತು. ಅದನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಎಲ್ಲರೂ ಕೇಳಿದರು.

ಅಲ್ಲಿಂದ ಕೆಲಸ ಓಡತೊಡಗಿತು. ಎಲ್ಲ ಫೋನುಗಳ ಬೀಗಕ್ಕೂ ಅರ್ಜಿ ಹಾಕಿದೆ. ಗಿರಾಕಿಗಳು ಕಡಿಮೆಯಿರುವ ಬೆಳಗಿನ ಹೊತ್ತು ಒಂದೊಂದಾಗಿ ಫ್ಲ್ಯಾಶ್ ಮಾಡುತ್ತಾ, ಅಂದರೆ ಹೊಸ ಫರ್ಮ್‌ವೇರ್ ತುಂಬುತ್ತಾ ಹೋದೆ. ಕೈಗೆ ಲಯ ಸಿಕ್ಕಿತು. ಲಯ ಸಿಕ್ಕಾಗಲೇ ಒಂದು ಫೋನು ಸತ್ತಿತು.

ಫರ್ಮ್‌ವೇರ್ ಪೂರ್ತಿ ಒಳಗೆ ಹೋಗಿತ್ತು. ಫೋನು ತಾನಾಗಿ ಮತ್ತೆ ಶುರುವಾಗಲು ಕಪ್ಪಾದದ್ದು ಕಪ್ಪಾಗಿಯೇ ಉಳಿಯಿತು. ಪವರ್ ಬಟನ್ ಒತ್ತಿದೆ, ಚಾರ್ಜರ್ ಹಾಕಿದೆ, ಬ್ಯಾಟರಿಯ ತಂತಿ ಬಿಡಿಸಿ ಮತ್ತೆ ಜೋಡಿಸಿದೆ. ಕಂಪನವಿಲ್ಲ, ಬೆಳಕಿಲ್ಲ. ಹಿಂದಿನ ಮುಚ್ಚಳ ಬಿಚ್ಚಿ ಬೋರ್ಡಿನ ಮೇಲಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿದಾಗ ತಿಳಿಯಿತು, ಅದು ಹೆಸರಿಗೆ ಮಾತ್ರ ಅದೇ ಮಾದರಿ. ಕಂಪನಿ ಒಂದೇ ಹೆಸರಿನಲ್ಲಿ ಎರಡು ಬಗೆಯ ಫೋನು ಮಾರಿತ್ತು. ಮೈ ಒಂದೇ, ಬಣ್ಣ ಒಂದೇ, ಒಳಗಿನ ಚಿಪ್ ಬೇರೆ. ನಾನು ಅದಕ್ಕೆ ಇನ್ನೊಂದರ ಫರ್ಮ್‌ವೇರ್ ಕುಡಿಸಿದ್ದೆ. ಬೂಟ್‌ಲೋಡರ್ ಬೀಗ ಹಾಕಿದ್ದಾಗ ಇಂಥದ್ದನ್ನು ತಾನೇ ತಡೆಯುತ್ತಿತ್ತು. ಬೀಗ ತೆಗೆದ ಮೇಲೆ ತಡೆಯುವವರು ಯಾರೂ ಇರಲಿಲ್ಲ.

ಎರಡು ದಿನ ಅದರೊಂದಿಗೆ ಗುದ್ದಾಡಿದೆ. ಅದು ಏಳಲಿಲ್ಲ. ಶಿಕ್ಷಕರಿಗೆ ಫೋನು ಮಾಡಿ, "ಸರ, ಒಂದು ಹೋತ್ರೀ," ಎಂದೆ. ಹೇಗಾಯಿತೆಂದು ಕೇಳಿದರು. ಹೇಳಿದೆ.

"ಮೊದಲೇ ಗೊತ್ತಾಗುವ ಹಾಗೆ ಮಾಡ್ಲಿಕ್ಕೆ ಆಗುವುದಿಲ್ವಾ?"

ಆಗುತ್ತಿತ್ತು. ಬೂಟ್‌ಲೋಡರ್‌ಗೆ ಒಂದು ಆಜ್ಞೆ ಕೊಟ್ಟು ಕೇಳಿದರೆ ಅದು ತನ್ನ ಒಳಹೆಸರು ಹೇಳುತ್ತದೆ. ಕೇಳದೆ ಮುಂದೆ ಹೋಗಿದ್ದೆ. ಅಂದಿನಿಂದ ಪ್ರತಿ ಫೋನನ್ನೂ ಮೊದಲು ಒಳಹೆಸರು ಕೇಳಿ, ಎರಡು ಗುಂಪು ಮಾಡಿ, ಬೇರೆ ಬೇರೆ ಡಬ್ಬದಲ್ಲಿಟ್ಟೆ. ಸತ್ತ ಫೋನಿನ ಪರದೆ, ಸ್ಪೀಕರ್ ಇತರ ಫೋನುಗಳಿಗೆ ಬಂದವು.

ಫೋನುಗಳನ್ನು ಹಂಚುವ ದಿನ ಬ್ಯಾಂಕ್ ಆ್ಯಪ್ ವಿಷಯವನ್ನು ಎಲ್ಲರೆದುರು ಮತ್ತೆ ಹೇಳಿದೆ. ಆ ಆ್ಯಪ್‌ಗಳ ತಪಾಸಣೆಯನ್ನು ವಂಚಿಸುವ ಉಪಾಯಗಳು ಇಂಟರ್‌ನೆಟ್‌ನಲ್ಲಿ ಬೇಕಾದಷ್ಟಿವೆ. ಅವನ್ನು ಹಾಕುವುದಿಲ್ಲ ಎಂದೆ. ಇಂದು ನಡೆದದ್ದು ನಾಳೆ ನಿಂತರೆ ಹಣ ಕೊಡಲಾಗದೆ ಆಟೊದವನ ಮುಂದೆ ನಿಲ್ಲುವವರು ಅವರು, ನಾನಲ್ಲ. ಕೆಲವರು ಬೇಡವೆಂದರು. ಹೆಚ್ಚಿನವರು ಹಣ ಕೊಡಲು ತಮ್ಮ ಹಳೆಯ ಫೋನೇ ಇರಲಿ, ಓಡಾಟಕ್ಕೂ ಓದಿಗೂ ಇದು ಎಂದು ಒಪ್ಪಿದರು. ಹುಡುಗಿ ಎಲ್ಲರಿಗಿಂತ ಮೊದಲು ಕೈ ಚಾಚಿದಳು. ಸಂದರ್ಶನದ ಕರೆ ಬಂದಿತ್ತು.

ಸಂದರ್ಶನದ ದಿನ ಮಧ್ಯಾಹ್ನ ಅವಳು ನನ್ನ ಅಂಗಡಿಗೆ ಬಂದಳು. ಗೋರೆಗಾಂವ್‌ನಿಂದ ಮಲಾಡ್ ಒಂದೇ ಸ್ಟೇಷನ್. ರಸ್ತೆ ದಾಟಿಸಿದ ಹೂವಿನವಳು ಅವಳನ್ನು ಬಾಗಿಲಲ್ಲಿ ಬಿಟ್ಟು ಹೋದಳು. ಹುಡುಗಿ ಫೋನನ್ನು ಕೌಂಟರಿನ ಮೇಲಿಟ್ಟಳು. ಒಗೆದಳು ಅಂದರೂ ತಪ್ಪಲ್ಲ.

"ತಗೊಳ್ಳಿ. ನಂಗೆ ಬೇಡ."

"ಏನಾತು? ಕೂಡು ಮೊದಲ. ನೀರು ಕುಡಿ."

ಅವಳು ಕೂರಲಿಲ್ಲ. ಗಾಡಿಯಲ್ಲಿ ಬರುವಾಗ ಫೋನು ಚೆನ್ನಾಗಿಯೇ ಸ್ಟೇಷನ್ ಹೆಸರು ಹೇಳುತ್ತಿತ್ತಂತೆ. ನಡುವೆ ಒಮ್ಮೆ ಸುಮ್ಮನಾಯಿತು. ಕೈಯಲ್ಲಿ ನಡುಗಿದಂತಾಯಿತು. ಗಾಬರಿಯಿಂದ ಪವರ್ ಬಟನ್ ಒತ್ತಿದಳು. ಆಮೇಲೆ ವಾಲ್ಯೂಮ್ ಬಟನ್‌ಗಳನ್ನು ಎಷ್ಟು ಸಲ ಒತ್ತಿ ಹಿಡಿದರೂ ಅದು ಮಾತಾಡಲಿಲ್ಲ. ಗದ್ದಲದಲ್ಲಿ ಸ್ಟೇಷನ್ ಲೆಕ್ಕ ತಪ್ಪಿ ಒಂದು ಸ್ಟೇಷನ್ ಮೊದಲೇ ಇಳಿದಳು. ಮತ್ತೆ ಗಾಡಿ ಹತ್ತಿ, ಕಂಡಕಂಡವರನ್ನು ಕೇಳಿಕೊಂಡು ಆಫೀಸು ತಲುಪುವ ಹೊತ್ತಿಗೆ ಅವಳ ಸರದಿ ಮುಗಿದಿತ್ತು.

"ನೆಕ್ಸ್ಟ್ ವೀಕ್ ಬನ್ನಿ ಅಂದ್ರು. ಒಂದೇ ಚಾನ್ಸ್ ಅಂತ ಕೂಡ ಅಂದ್ರು."

ಫೋನು ಕೈಗೆತ್ತಿಕೊಂಡು ನೋಡಿದೆ. ಪರದೆಯ ಮೇಲೆ ಬಿಳಿ ಅಕ್ಷರಗಳಿದ್ದವು. ಬೀಗ ತೆಗೆದ ಫೋನು ಪ್ರತಿ ಸಲ ಶುರುವಾಗುವಾಗಲೂ 'ಈ ಫೋನು ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ತೋರಿಸುತ್ತದೆ. ಸುಮ್ಮನಿದ್ದರೆ ತಾನಾಗಿ ಮುಂದೆ ಹೋಗುತ್ತದೆ. ಗಾಡಿಯಲ್ಲಿ ಫೋನು ತಾನಾಗಿ ಆಫ್ ಆಗಿ ಮತ್ತೆ ಶುರುವಾಗುತ್ತಿದ್ದಾಗ, ಸರಿಯಾಗಿ ಆ ಹೊತ್ತಿಗೆ ಅವಳು ಪವರ್ ಒತ್ತಿದ್ದರಿಂದ ಅದು ಅಲ್ಲೇ ನಿಂತುಬಿಟ್ಟಿತ್ತು. ಮತ್ತೊಮ್ಮೆ ಒತ್ತಿದೆ. ಫೋನು ಮುಂದೆ ಸಾಗಿ, ಎದ್ದು, ಮಾತಾಡತೊಡಗಿತು.

"ಬಂತಾ?" ಅವಳು ಕೇಳಿದಳು. "ಏನು ಮಾಡಿದ್ರಿ?"

"ಒಂದ್ ಬಟನ್ ಒತ್ತಿದೆ. ಸ್ಕ್ರೀನ್ ಮ್ಯಾಲ ಬರೆದಿತ್ತು."

"ಬರೆದಿತ್ತು," ಎಂದಳು. "ನಿಮಗೆ ಬರೆದಿತ್ತು ದೀದಿ. ನನಗೆ ಪತ್ಥರ್ ಆಗಿತ್ತು ಅದು, ಕಲ್ಲು. ನಾನು ಗಾಡೀಲಿ ಪತ್ಥರ್ ಹಿಡ್ಕೊಂಡು ನಿಂತಿದ್ದೆ."

ಅವಳನ್ನು ಗಾಡಿ ಹತ್ತಿಸಿ ಬಂದು ಶಟರ್ ಅರ್ಧ ಇಳಿಸಿ ಕೂತೆ. ಆ ಪರದೆಯನ್ನು ನಾನು ಎಷ್ಟೋ ಸಲ ನೋಡಿದ್ದೆ. ಅದು ಮೌನವಾಗಿದೆ ಎಂಬುದನ್ನು ಗಮನಿಸಿರಲಿಲ್ಲ. ಸ್ಕ್ರೀನ್ ರೀಡರ್ ಏಳುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಮೊದಲಿನದೆಲ್ಲ, ಎಚ್ಚರಿಕೆ, ರಿಕವರಿ, ಬೂಟ್‌ಲೋಡರ್, ಬರೀ ಕಣ್ಣಿದ್ದವರಿಗೆ ಮಾಡಿದ್ದು. ಕಂಪನಿಯ ಫರ್ಮ್‌ವೇರ್ ಇದ್ದಾಗ ಇವರು ಆ ಜಾಗಕ್ಕೆ ಕಾಲಿಡುವ ಪ್ರಸಂಗವೇ ಬರುತ್ತಿರಲಿಲ್ಲ. ನಾನು ಕೈಹಿಡಿದು ಅಲ್ಲಿಗೆ ಕರೆದೊಯ್ದು ಬಿಟ್ಟು ಬಂದಿದ್ದೆ.

ಶಿಕ್ಷಕರಿಗೆ ಫೋನು ಮಾಡಿದೆ.

"ಸರ, ಎಲ್ಲಾ ಫೋನ್ ವಾಪಸ್ ತರಸ್ರೀ. ಮೊದಲಿನ ಕಂಪನಿ ಸಾಫ್ಟ್‌ವೇರ್ ಹಾಕಿ ಕೊಡ್ತೀನಿ. ಇದು ನಮ್ಮಿಂದ ಆಗೂದಲ್ಲ."

"ಹಾಕಿದ್ರೆ ಎಂತ ಆಗ್ತದೆ? ಮತ್ತೆ ಚೀಲಕ್ಕೆ ಹೋಗ್ತವೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡಿ, ನಂಗೂ ಬೇಜಾರು ಉಂಟು. ಆ ಹುಡುಗಿ ಎಷ್ಟು ತಯಾರಿ ಮಾಡಿದ್ಲು ಅಂತ ನಾನು ನೋಡಿದ್ದೇನೆ. ಆದ್ರೆ ಅಲ್ಲಿ ತಪ್ಪಿದ್ದು ಎರಡು. ಫೋನ್ ಯಾಕೆ ಆಫ್ ಆಯ್ತು, ಅದು ಒಂದು. ಆಫ್ ಆದಾಗ ಎಂತ ಮಾಡ್ಬೇಕು ಅಂತ ಅವಳಿಗೆ ಗೊತ್ತಿರ್ಲಿಲ್ಲ, ಅದು ಇನ್ನೊಂದು. ಮೊದಲನೇದು ನಿಮ್ಮ ಕೆಲಸ. ಎರಡನೇದು ಕಲಿಸುವ ಕೆಲಸ. ಅದು ನಂದು. ನಂಗೆ ನೀವು ಹೇಳಿಕೊಡ್ಬೇಕು."

ರಿಪೇರಿಯವರಿಗೆ ಫೋನು ಸರಿಮಾಡಿ ಕೊಟ್ಟು ಕಳಿಸುವುದು ಗೊತ್ತು, ಸರಿಮಾಡುವ ವಿದ್ಯೆ ಕೊಡುವುದು ಗೊತ್ತಿಲ್ಲ. ಆದರೂ ಅವರು ಹೇಳಿದ್ದರಲ್ಲಿ ಹುರುಳಿತ್ತು. ಆಗಲೇ ತೀರ್ಮಾನ ಮಾಡಿದೆವು. ಕಾರಣ ಸಿಗುವವರೆಗೆ ಯಾರೂ ಈ ಫೋನು ನಂಬಿ ಒಬ್ಬರೇ ಹೊರಗೆ ಹೋಗಬಾರದು. ಕಾರಣ ಸಿಕ್ಕ ಮೇಲೂ, ಕೆಟ್ಟ ಫೋನನ್ನು ತಮ್ಮ ಕೈಯಿಂದ ಎಬ್ಬಿಸಲು ಬಾರದವರಿಗೆ ಈ ಫೋನು ಕೊಡಬಾರದು.

ಮೊದಲು ಕಾರಣ. ಅಂಗಡಿಯಲ್ಲಿ ಹುಡುಗಿ ಬಿಟ್ಟುಹೋದ ಫೋನು ಎರಡು ದಿನ ಎಡೆಬಿಡದೆ ಓಡಿತು. ಹಾಡು, ವಿಡಿಯೊ, ಕರೆ, ಏನು ಮಾಡಿದರೂ ಆಫ್ ಆಗಲಿಲ್ಲ. ಅವಳ ಹಳೆಯ ಫೋನಿಗೆ ಕರೆ ಮಾಡಿ ಎಲ್ಲಿ ಆಫ್ ಆಯಿತೆಂದು ಮತ್ತೆ ಕೇಳಿದೆ. ಗಾಡಿಯಲ್ಲಿ, ಮಾಹಿಮ್ ದಾಟಿದ ಮೇಲೆ ಎಂದಳು. ಗಾಡಿಯಲ್ಲಿ ಇದ್ದು ಅಂಗಡಿಯಲ್ಲಿ ಇಲ್ಲದ್ದು ಏನು? ಓಟ. ಫೋನು ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಾ ಓಡುತ್ತದೆ. ನನ್ನ ಮೇಜಿನ ಮೇಲೆ ಅದು ಕದಲಿರಲೇ ಇಲ್ಲ.

ಹಾಗಾಗಿ ಪ್ರಯೋಗವನ್ನು ಗಾಡಿಯಲ್ಲೇ ಮಾಡಬೇಕಾಯಿತು. ಶಿಕ್ಷಕರೂ ನಾನೂ ವಡಾಲದಿಂದ ಗೋರೆಗಾಂವ್ ಹಾರ್ಬರ್ ಲೋಕಲ್ ಹಿಡಿದೆವು. ಮಧ್ಯಾಹ್ನದ ಗದ್ದಲವಿಲ್ಲದ ಹೊತ್ತು. ಪ್ಲಾಟ್‌ಫಾರ್ಮಿನಲ್ಲಿ ಅಂಗವಿಕಲರ ಡಬ್ಬ ನಿಲ್ಲುವ ಕಡೆ ಬೀಪ್ ಎನ್ನುವ ಯಂತ್ರವಿದೆ. ಅದರ ಸದ್ದು ಹಿಡಿದು ಅವರೇ ನನ್ನನ್ನು ಕರೆದೊಯ್ದರು. ಸೀಟು ಸಿಕ್ಕಿತು. ಲ್ಯಾಪ್‌ಟಾಪ್ ನನ್ನ ಮಡಿಲಲ್ಲಿ. ಎಡಗೈಯಲ್ಲಿ ಹುಡುಗಿಯದು, ಬಲಗೈಯಲ್ಲಿ ಇನ್ನೊಂದು ಫೋನು ಹಿಡಿದು ಅವರು ನೆಟ್ಟಗೆ ಕೂತರು. ಎರಡರಲ್ಲೂ ಕರೆ ಚಾಲೂ ಇತ್ತು. ಎದುರಿನ ಸೀಟಿನವರು ನಮ್ಮನ್ನು ಯಾವುದೋ ಕಂಪನಿಯ ತನಿಖೆಯವರೆಂದು ತಿಳಿದಿರಬೇಕು.

ಮಾಹಿಮ್ ದಾಟಿತು. ಗಾಡಿ ವೇಗ ಹಿಡಿಯಿತು.

"ಹೋಯ್ತು," ಎಂದರು. "ಎಡಗೈದು. ನಡುಗಿತು ನೋಡಿ."

ಪರದೆ ಕಪ್ಪಾದದ್ದನ್ನು ನಾನು ಇನ್ನೂ ನೋಡಿರಲಿಲ್ಲ. ಅದು ಮತ್ತೆ ಎದ್ದ ಕೂಡಲೇ ಕೇಬಲ್ ಸಿಕ್ಕಿಸಿ, ಸಾಯುವ ಮುಂಚಿನ ಕೊನೆಯ ಕ್ಷಣಗಳ ದಾಖಲೆಯನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಸಾಲುಸಾಲು ಅಕ್ಷರಗಳ ಕೊನೆಯಲ್ಲಿ ಒಂದೇ ದೂರು ಮತ್ತೆ ಮತ್ತೆ ಬಂದಿತ್ತು. ಮೋಡೆಮ್ ಕುಸಿದಿದೆ. ಬಲಗೈಯ ಫೋನು ಗೋರೆಗಾಂವ್ ತನಕ ಮಾತಾಡುತ್ತಲೇ ಇತ್ತು.

ಮೋಡೆಮ್ ಎಂದರೆ ಟವರಿನೊಂದಿಗೆ ವ್ಯವಹರಿಸುವ ಭಾಗ. ಅದಕ್ಕೆ ತನ್ನದೇ ಪುಟ್ಟ ತಂತ್ರಾಂಶವಿರುತ್ತದೆ. ಹೊಸ ಫರ್ಮ್‌ವೇರ್ ಹಾಕಿದರೂ ಅದು ಬದಲಾಗುವುದಿಲ್ಲ, ಕಂಪನಿ ಕೊಟ್ಟದ್ದೇ ಉಳಿಯುತ್ತದೆ. ಎರಡೂ ಫೋನಿನ ಮೋಡೆಮ್ ಹೋಲಿಸಿದೆ. ಬಲಗೈಯದಕ್ಕೆ ಕಂಪನಿಯ ಕೊನೆಯ ಅಪ್‌ಡೇಟ್ ಆಗಿತ್ತು. ಎಡಗೈಯದನ್ನು ಬಳಸುತ್ತಿದ್ದ ಆಫೀಸಿನವರು ಅಪ್‌ಡೇಟ್ ಮಾಡಿಯೇ ಇರಲಿಲ್ಲ. ಹೊಸ ಫರ್ಮ್‌ವೇರ್ ಹಳೆಯ ಮೋಡೆಮ್‌ನೊಂದಿಗೆ ನಿಂತಲ್ಲಿ ಹೇಗೋ ಏಗುತ್ತಿತ್ತು, ಓಟದಲ್ಲಿ ಕೈಚೆಲ್ಲುತ್ತಿತ್ತು. ಫರ್ಮ್‌ವೇರ್ ತಯಾರಿಸಿದವರು 'ಮೊದಲು ಕಂಪನಿಯ ಕೊನೆಯ ಅಪ್‌ಡೇಟ್ ಮಾಡಿಕೊಳ್ಳಿ' ಎಂದು ಬರೆದಿದ್ದರು. ನಾನು ನೋಡಿದ ಮೊದಲ ಫೋನಿನಲ್ಲಿ ಅದು ಆಗಿತ್ತು. ಎಲ್ಲದರಲ್ಲೂ ಆಗಿರುತ್ತದೆ ಎಂದುಕೊಂಡಿದ್ದೆ.

ಕಂಪನಿಯ ಕೊನೆಯ ಅಧಿಕೃತ ಪ್ಯಾಕೇಜಿನಿಂದ ಮೋಡೆಮ್ ಕಡತವನ್ನಷ್ಟೇ ಬೇರ್ಪಡಿಸಿ, ಎರಡು ಬಗೆಯ ಫೋನಿಗೂ ಅದರದರದೇ ಕಡತ ಹಾಕಿದೆ. ಮತ್ತೆ ಗಾಡಿ. ಈ ಸಲ ಶಿಕ್ಷಕರ ಮಡಿಲ ತುಂಬ ಫೋನು. ಮಾಹಿಮ್ ದಾಟಿತು, ಬಾಂದ್ರಾ ಬಂತು, ಅಂಧೇರಿ ಬಂತು. ಯಾವುದೂ ನಡುಗಲಿಲ್ಲ. ಗೋರೆಗಾಂವ್‌ನಲ್ಲಿ ಇಳಿಯದೆ ಅದೇ ಗಾಡಿಯಲ್ಲಿ ವಡಾಲಕ್ಕೆ ಮರಳಿದೆವು. ಆಗಲೂ ನಡುಗಲಿಲ್ಲ. ಅವರು ಕಾಲು ಚಾಚಿ, "ಇನ್ನು ಒಂದು ಚಾ ಕುಡಿಯುವಾ ಮಾರಾಯ್ರೆ," ಎಂದರು.

ಎರಡನೆಯ ಕೆಲಸ ಇದಕ್ಕಿಂತ ಕಷ್ಟವೆಂದು ನಾನು ಭಾವಿಸಿದ್ದೆ. ನಾನು ಬಳಸುತ್ತಿದ್ದ ರಿಕವರಿಯಲ್ಲಿ ಎಲ್ಲವೂ ಪರದೆ ಮುಟ್ಟಿ ಮಾಡುವಂಥದ್ದು. ಅದು ಇವರಿಗೆ ಆಗದು. ಆದರೆ ಅದೇ ರಿಕವರಿ ಕೇಬಲ್ಲಿನ ಮೂಲಕ ಕಂಪ್ಯೂಟರಿನ ಆಜ್ಞೆಯನ್ನೂ ಕೇಳುತ್ತದೆ. ಆಜ್ಞೆ ಎಂದರೆ ಬರೀ ಅಕ್ಷರ, ಫೋನು ಕೊಡುವ ಉತ್ತರವೂ ಅಕ್ಷರ. ಅಕ್ಷರ ಇದ್ದರೆ ಕೇಂದ್ರದ ಕಂಪ್ಯೂಟರಿನ ಸ್ಕ್ರೀನ್ ರೀಡರ್ ಓದುತ್ತದೆ. ಚಿತ್ರ ತೋರಿಸುವ ಸುಲಭದ ದಾರಿಯನ್ನು ಬಿಟ್ಟು, ಹಳೆಯ ಕಾಲದವರು ಬಳಸುತ್ತಿದ್ದ ಆಜ್ಞೆಯ ದಾರಿ ಹಿಡಿದೆ. ಮೊದಲಿನಿಂದ ಕೊನೆಯ ತನಕ ಪರದೆ ನೋಡದೆ ಕೆಲಸ ಮುಗಿಯುವಂತೆ ಕ್ರಮವನ್ನು ಮತ್ತೆ ಕಟ್ಟಿದೆ. ಕಣ್ಣು ಮುಚ್ಚಿಕೊಂಡು ಮಾಡಿ ನೋಡಿದೆ. ಎಲ್ಲೆಲ್ಲಿ ಕಣ್ಣು ತೆರೆಯಬೇಕಾಯಿತೋ ಅಲ್ಲಲ್ಲಿ ತಿದ್ದಿದೆ.

ಕೇಂದ್ರದಲ್ಲಿ ಕಲಿಸುವ ದಿನ ಹುಡುಗಿಯೂ ಬಂದಳು. ನಾನಿದ್ದ ಕಡೆ ತಿರುಗಲಿಲ್ಲ. ಕೀಬೋರ್ಡಿನ ಮುಂದೆ ಮಾತ್ರ ಮೊದಲು ಹೋಗಿ ಕೂತಳು. ಅವಳ ಫೋನನ್ನು ಬೇಕೆಂದೇ ಕೆಡಿಸಿ ಕೊಟ್ಟಿದ್ದೆ. ಅದು ಶುರುವಾಗಲು ಹೋಗಿ ಅರ್ಧದಲ್ಲೇ ಮತ್ತೆ ಮೊದಲಿಗೆ ಬರುತ್ತಾ ಸುತ್ತುತ್ತಿತ್ತು.

"ಈಗ ಪವರ್ ಮತ್ತ ಕೆಳಗಿನ ವಾಲ್ಯೂಮ್, ಎರಡೂ ಒತ್ತಿ ಹಿಡಿ," ಎಂದೆ. "ಒಂದ್ ಸಲ ನಡುಗ್ತದ. ನಡುಗಿದ ಮ್ಯಾಲ ಪವರ್ ಬಿಡು. ವಾಲ್ಯೂಮ್ ಬಿಡಬ್ಯಾಡ."

ಹಿಡಿದಳು. ಬಿಟ್ಟಳು. ಕೇಬಲ್ ಸಿಕ್ಕಿಸಿ ಫೋನಿನ ಹೆಸರು ಕೇಳುವ ಆಜ್ಞೆ ಟೈಪ್ ಮಾಡಿದಳು. ಕಂಪ್ಯೂಟರ್ ಏನೋ ಬಡಬಡಿಸಿತು. ಅಷ್ಟು ವೇಗ ನನಗೆ ಒಂದಕ್ಷರವೂ ಹಿಡಿಯಲಿಲ್ಲ. ಅವಳು, "ಯಾವ ಡಿವೈಸ್ ಕೂಡ ಇಲ್ಲ ಅಂತಿದೆ," ಎಂದಳು.

ಪವರ್ ಬಿಡುವುದು ಒಂದು ಕ್ಷಣ ತಡವಾಗಿತ್ತು. ನನ್ನ ಕೈ ತಾನಾಗಿ ಫೋನಿನತ್ತ ಹೋಯಿತು. ನನ್ನ ಬೆರಳು ತಾಕಿದ್ದೇ ಅವಳು, "ದೀದಿ, ಹಾಥ್ ಹಟಾವ್," ಎಂದಳು. ಶಿಕ್ಷಕರು ಹಿಂದಿನಿಂದ ನಕ್ಕರು. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ.

ಮತ್ತೆ ಮಾಡಿದಳು. ಮತ್ತೆ ತಪ್ಪಿತು. ಮೂರನೆಯ ಸಲ ಕಂಪ್ಯೂಟರ್ ಒಂದು ಸಂಖ್ಯೆ ಓದಿತು. ಫೋನು ಸಿಕ್ಕಿತ್ತು. ಅಲ್ಲಿಂದ ಅವಳು ನಿಲ್ಲಲಿಲ್ಲ. ಒಳಹೆಸರು ಕೇಳಿದಳು. ಫರ್ಮ್‌ವೇರ್ ಕಡತ ಮೂಲದಲ್ಲಿದ್ದಂತೆಯೇ ಇದೆಯೇ ಎಂದು ಪರೀಕ್ಷಿಸುವ ಆಜ್ಞೆ ಕೊಟ್ಟು, ಸರಿ ಎಂಬ ಉತ್ತರ ಕೇಳಿಸಿಕೊಂಡಳು. ಕಳಿಸಿದಳು. ಕಂಪ್ಯೂಟರ್ ಆಗಾಗ ಶೇಕಡಾ ಲೆಕ್ಕ ಹೇಳುತ್ತಿತ್ತು. ಕೋಣೆಯಲ್ಲಿ ಉಳಿದ ಎಲ್ಲರ ಕೀಬೋರ್ಡೂ ನಿಂತಿತ್ತು.

ಮುಗಿದ ಮೇಲೆ ಫೋನು ಒಮ್ಮೆ ನಡುಗಿತು. "ಈಗ ಯಾವ ಬಟನ್ನೂ ಒತ್ತಬಾರದು," ಎಂದು ತನಗೆ ತಾನೇ ಹೇಳಿಕೊಂಡು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಹೊಸ ಫರ್ಮ್‌ವೇರ್ ಮೊದಲ ಸಲ ಏಳುವಾಗ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ನನಗೇ ತಡೆಯಲಾಗುತ್ತಿರಲಿಲ್ಲ. ಅವಳು ಕದಲಲಿಲ್ಲ. ಕೊನೆಗೆ ಎರಡೂ ವಾಲ್ಯೂಮ್ ಬಟನ್ ಒತ್ತಿ ಹಿಡಿದಳು. ಫೋನು ಸ್ವಾಗತ ಎಂದಿತು.

ಅವಳು ಫೋನನ್ನು ಕಿವಿಗೆ ಹಿಡಿದು ಇನ್ನೂ ಸ್ವಲ್ಪ ಕೇಳಿದಳು. ಆಮೇಲೆ ನಾನಿದ್ದ ಕಡೆ ತಿರುಗಿ, "ಇನ್ನೊಂದ್ಸಲ ಕೆಡಿಸಿ ಕೊಡಿ ದೀದಿ," ಎಂದಳು.

ಮುಂದಿನ ವಾರದ ಸಂದರ್ಶನಕ್ಕೆ ಅವಳು ಒಬ್ಬಳೇ ಹೋದಳು. ನಾನು ಗೋರೆಗಾಂವ್ ಸ್ಟೇಷನ್ನಿಗೆ ಬರಲೇ ಎಂದು ಕೇಳಿದ್ದೆ, ಬೇಡವೆಂದಳು. ಅಂದು ಕೌಂಟರಿನಲ್ಲಿ ಗಿರಾಕಿಗಳ ಮಾತು ನನ್ನ ತಲೆಗೆ ಹೋಗಲಿಲ್ಲ. ಮಧ್ಯಾಹ್ನ ಅವಳ ಫೋನಿನಿಂದ ಕರೆ ಬಂತು. ಹೊತ್ತಿಗೆ ಮುಂಚೆಯೇ ತಲುಪಿದೆ, ಮಾತು ಚೆನ್ನಾಗಿ ಆಯಿತು, ತಿಳಿಸುತ್ತೇವೆ ಎಂದಿದ್ದಾರೆ ಎಂದಳು. ಕೆಲವು ದಿನಗಳ ಮೇಲೆ ಕೆಲಸ ಸಿಕ್ಕಿತೆಂದು ಶಿಕ್ಷಕರು ಹೇಳಿದರು. ಉಳಿದವರಲ್ಲಿ ಇಬ್ಬರು ಕಲಿತ ಮೇಲೂ ಈ ಫೋನು ಬೇಡವೆಂದು ಮರಳಿಸಿದರು. ಯಾವಾಗ ಏನಾಗುತ್ತದೋ ಎಂಬ ಚಿಂತೆ ತಮಗೆ ಬೇಡವೆಂದರು. ಅದೂ ಸರಿಯಾದ ಮಾತೇ. ಶಿಕ್ಷಕರು ಅವರನ್ನು ಒತ್ತಾಯಿಸಲಿಲ್ಲ.

ಈಚೆಗೆ ಇನ್ನೊಂದು ಆಫೀಸಿನಿಂದ ಇನ್ನೊಂದು ಚೀಲ ಬಂತು. ಬೇರೆ ಕಂಪನಿಯ ಫೋನುಗಳು, ಬೇರೆ ಬಗೆಯ ತೊಡಕು. ಶನಿವಾರ ಬನ್ನಿ ಎಂದು ಶಿಕ್ಷಕರು ಕರೆದರು. ಗಾಡಿ ತಡವಾಗಿ ನಾನು ವಡಾಲ ಮುಟ್ಟುವ ಹೊತ್ತಿಗೆ ಪಾಠ ಶುರುವಾಗಿಬಿಟ್ಟಿತ್ತು. ರಜೆಯಲ್ಲಿದ್ದ ಹುಡುಗಿ ಕಂಪ್ಯೂಟರಿನ ಪಕ್ಕ ಕೂತಿದ್ದಳು. ಅವಳ ಎದುರಿಗೆ ಹೊಸದಾಗಿ ಸೇರಿದ ಒಬ್ಬ ಮಧ್ಯವಯಸ್ಕರು ಫೋನನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಕೆಟ್ಟು ಹೋದ್ರೆ?" ಎಂದು ಅವರು ಕೇಳಿದರು.

"ಕೆಟ್ಟೇ ಹೋಗುತ್ತೆ ಅಂಕಲ್, ಒಂದಲ್ಲ ಒಂದ್ಸಲ," ಎಂದಳು ಹುಡುಗಿ. ಅವರ ಹೆಬ್ಬೆರಳನ್ನು ಹಿಡಿದು ಪವರ್ ಬಟನ್ನಿನ ಮೇಲಿಟ್ಟಳು. "ಇಲ್ಲಿ ಒತ್ತಿ. ಬಿಡಬೇಡಿ. ನಡುಗೋತನಕ."